ಎರಡನೆಯ ಪ್ರಿಂಟರ್

ಮೇಜಿನ ಕೆಳಗಿಂದ ದೊಡ್ಡಮ್ಮನ ಎರಡು ಪಾದಗಳು ಮಾತ್ರ ಹೊರಗೆ ಕಾಣುತ್ತಿದ್ದವು.

"ಟಾರ್ಚು," ಎಂದಿತು ಒಳಗಿನ ದನಿ.

ಅಲ್ಪವಿರಾಮ ಟಾರ್ಚನ್ನು ಕೆಳಗೆ ಚಾಚಿದ. ಒಂದು ಕೈ ಬಂದು ಅದನ್ನು ಕಿತ್ತುಕೊಂಡು ಹೋಯಿತು. ಕೋಣೆಯಲ್ಲಿದ್ದ ಮನೆಯವರು ನಾಲ್ವರೂ ಆ ಪಾದಗಳನ್ನೇ ನೋಡುತ್ತಿದ್ದರು. ಅಲ್ಪವಿರಾಮ ಆ ನಾಲ್ವರನ್ನು ನೋಡುತ್ತಿದ್ದ. ಯಾರ ಮೇಲೆ ಮೊದಲು ಅನುಮಾನ ಪಡಬೇಕೆಂಬುದು ಅವನಿಗಿನ್ನೂ ತೀರ್ಮಾನವಾಗಿರಲಿಲ್ಲ.

ಅನುಮಾನ ಅವನ ಹೊಟ್ಟೆಪಾಡು. ಅಚ್ಚಾಗುವ ಮುನ್ನ ಪುಸ್ತಕಗಳ ಕರಡು ತಿದ್ದುವ ಕೆಲಸ ಅವನದು. ಮಾತಿನ ನಡುವೆ ತಡೆದು ನಿಲ್ಲುವ ಚಾಳಿಗೆ ಕಟ್ಟಡದವರು ಆ ಹೆಸರಿಟ್ಟಿದ್ದರು. ದೊಡ್ಡಮ್ಮ ಅವನ ಎದುರು ಮನೆಯವಳು. ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಯಾರಿಗೆ ಯಾರ ತಂತಿ ಸಿಕ್ಕಿಸಬೇಕೆಂದು ನೋಡಿದವಳು. ನಿವೃತ್ತಿಯಾದ ಮೇಲೆ ಈ ಮೂರಂತಸ್ತಿನ ಕಟ್ಟಡದಲ್ಲಿ ಏನು ಕಳೆದರೂ ಜನ ಅವಳ ಬಾಗಿಲು ತಟ್ಟುತ್ತಿದ್ದರು. ಅವಳ ಹಿಂದೆ ಚೀಲ ಹಿಡಿದು ಅಲ್ಪವಿರಾಮ ಇಳಿಯುತ್ತಿದ್ದ.

ಈ ಸಲ ಕಳೆದದ್ದು ಒಂದು ಆಮೆ. ಕೆಳಮನೆಯ ಆಟಿಕೆ ಮಾಡುವವಳು ಎರಡು ವರ್ಷ ತಲೆ ಕೆಡಿಸಿಕೊಂಡು ಮರದ ಆಮೆಯೊಂದನ್ನು ರೂಪಿಸಿದ್ದಳು. ಇಳಿಜಾರು ಹಲಗೆಯ ಮೇಲಿಟ್ಟರೆ ಅದು ಕಾಲೆತ್ತಿ ಹಾಕುತ್ತ ಇಳಿದು, ಅಂಚು ಬಂದಾಗ ತಾನೇ ನಿಂತುಬಿಡುತ್ತಿತ್ತು. ನಕ್ಷೆಗಳು ಮನೆಯ ಕಂಪ್ಯೂಟರಿನಲ್ಲಿ ಮಾತ್ರ ಇದ್ದವು. ಹೀಗಿರುವಾಗ ದೊಡ್ಡ ಕಂಪನಿಯೊಂದರ ಕ್ಯಾಟಲಾಗಿನಲ್ಲಿ ಅದೇ ಆಮೆ, ಅದೇ ಕಾಲು, ಅದೇ ತಿರುಗಣೆ ಕಾಣಿಸಿಕೊಂಡಿತು. ಮಾಡಿದವರ ಹೆಸರಿರಲಿಲ್ಲ. ಆಟಿಕೆ ಪ್ರದರ್ಶನದ ಸಮಿತಿಯಿಂದ ಅವಳಿಗೊಂದು ಪತ್ರ ಬಂತು: ನಿಮ್ಮದು ನಕಲು ಎಂಬ ದೂರಿದೆ, ಶುಕ್ರವಾರದೊಳಗೆ ವಿವರಣೆ ಕೊಡದಿದ್ದರೆ ಪಟ್ಟಿಯಿಂದ ಹೆಸರು ತೆಗೆಯುತ್ತೇವೆ, ಮುಂದೆಯೂ ಸೇರಿಸುವುದಿಲ್ಲ. ಅಂದು ಗುರುವಾರ.

ದೊಡ್ಡಮ್ಮ ಹೊರಬಂದಳು. ಮೊಣಕೈಗೆ ದೂಳು ಮೆತ್ತಿತ್ತು. ಕೈಯಲ್ಲೊಂದು ತಂತಿಯ ತುದಿ. ಅದನ್ನು ಒಂದು ಕ್ಷಣ ನೋಡಿ, ಮತ್ತೆ ಕೆಳಗೆ ಬಿಟ್ಟಳು.

"ಏನು ಸಿಕ್ತು?" ಎಂದ ಅಲ್ಪವಿರಾಮ.

"ದೂಳು," ಎಂದಳು. "ತಮ್ಮಾ, ನಿನ್ನ ಕಾವಲುಗಾರನ್ನ ತೋರಿಸು."

ಆಟಿಕೆಯವಳ ತಮ್ಮ ಕಂಪ್ಯೂಟರ್ ಅಂಗಡಿಯಲ್ಲಿ ಕೆಲಸಕ್ಕಿದ್ದವನು. ಮನೆಯ ಕಂಪ್ಯೂಟರಿಗೆ ಫೈರ್‌ವಾಲ್ ಎಂಬ ಕಾವಲು ಹಾಕಿದವನೂ ಅವನೇ. ಅಲ್ಪವಿರಾಮನ ಪಟ್ಟಿಯಲ್ಲಿ ಸದ್ಯಕ್ಕೆ ಮೊದಲನೆಯ ಹೆಸರು ಅವನದಾಯಿತು. ಬೀಗ ಹಾಕಿದವನ ಹತ್ತಿರ ಇನ್ನೊಂದು ಕೀಲಿ ಇರದೇ ಇರುತ್ತದೆಯೇ?

"ಒಳಗಿರೋ ಯಾವುದೇ ಪ್ರೋಗ್ರಾಂ ಮೊದಲನೇ ಸಲ ಹೊರಗೆ ಹೋಗೋಕೆ ನೋಡಿದ್ರೆ, ಮೂಲೇಲಿ ಒಂದು ಪೆಟ್ಟಿಗೆ ಏಳುತ್ತೆ," ತಮ್ಮ ಹೇಳಿದ. "ಇಂಥದ್ದು ಹೋಗಬೇಕಂತೆ, ಬಿಡಲಾ, ತಡೀಲಾ ಅಂತ. ಕೆಳಗೆ ಗುರುತು ಹಾಕಿದ್ರೆ ಆ ಉತ್ತರ ನೆನಪಿಟ್ಕೊಳ್ಳುತ್ತೆ. ಆಮೇಲೆ ಕೇಳಲ್ಲ."

"ಅಂದ್ರೆ ಇವನೂ ಆಪರೇಟರ್ರೇ," ದೊಡ್ಡಮ್ಮನ ಮುಖ ಅರಳಿತು. "ಯಾರು, ಯಾವ ನಂಬರಿಗೆ, ಎಷ್ಟು ಹೊತ್ತಿಗೆ. ಬರ್ಕೋತಾನಾ?"

"ಎಲ್ಲಾ ಬರ್ಕೋತಾನೆ. ನಾನು ನೋಡಿದೆ ದೊಡ್ಡಮ್ಮ. ಅಪರಿಚಿತ ಹೆಸರು ಒಂದೂ ಇಲ್ಲ."

"ಪರಿಚಿತರನ್ನೇ ತೋರಿಸು."

ಅವಳು ಚೀಟಿಯೊಂದರ ಮೇಲೆ ಪಟ್ಟಿಯನ್ನು ಪೆನ್ಸಿಲಿನಿಂದ ಇಳಿಸಿಕೊಂಡಳು. ಅಲ್ಪವಿರಾಮ ಹೆಗಲ ಮೇಲಿಂದ ಇಣುಕಿದ. ಬ್ರೌಸರ್, ನಕ್ಷೆ ಬರೆಯುವ ಪ್ರೋಗ್ರಾಂ, ಪ್ರಿಂಟರ್, ಮತ್ತೆ ಪ್ರಿಂಟರ್. ಹೆಸರಿನ ಮುಂದಿನ ಮಾಡೆಲ್ ಸಂಖ್ಯೆ ಬೇರೆ. ಮೊದಲನೆಯದು ನಾಲ್ಕು ತಿಂಗಳ ಹಿಂದಿನದು, ಇನ್ನೊಂದು ಹೋದ ತಿಂಗಳ ಒಂಬತ್ತನೇ ತಾರೀಕು ಬೆಳಿಗ್ಗೆ ಹತ್ತು ನಲವತ್ತರದು. ಕರಡಿನಲ್ಲಿ ಒಂದೇ ಪದ ಎರಡು ಸಲ ಬಿದ್ದರೆ ಅವನು ಒಂದನ್ನು ಹೊಡೆದುಹಾಕುತ್ತಿದ್ದ. ಇಲ್ಲೂ ಮನಸ್ಸಿನಲ್ಲೇ ಹೊಡೆದುಹಾಕಿದ.

"ಒಂಬತ್ತನೇ ತಾರೀಕು ಬೆಳಿಗ್ಗೆ ಮನೇಲಿ ಯಾರಿದ್ರು?"

"ನಾನು ಮರ ತರೋಕೆ ಹೋಗಿದ್ದೆ," ಎಂದಳು ಆಟಿಕೆಯವಳು. "ಇವರು ಕೆಲಸಕ್ಕೆ, ತಮ್ಮ ಅಂಗಡಿಗೆ. ಮಾವ ಒಬ್ಬರೇ ಇದ್ರು."

ಮಾವನವರು ಕೆಮ್ಮಿದರು.

"ಅದರ ಹಿಂದಿನ ದಿನ ಯಾರಾದ್ರೂ ಬಂದಿದ್ರಾ?"

"ಬಡಗಿ ಬಂದಿದ್ದ, ಅಳತೆ ಪ್ರಿಂಟ್ ಬೇಕು ಅಂತ. ಒಳಗಿಂದ ತಂದುಕೊಟ್ಟೆ. ನನಗೆ ಕಲಿಸಿದ ಮೇಷ್ಟ್ರು ಬಂದಿದ್ರು, ಪ್ರದರ್ಶನ ನಡೆಯೋ ಸಭಾಂಗಣದ ಚಿತ್ರ ಪೆನ್ ಡ್ರೈವಲ್ಲಿ ತಂದು ತೋರಿಸಿದ್ರು. ನಾನು ಕಾಫಿ ಮಾಡೋಕೆ ಹೋದೆ."

ಗಂಡ ಗೋಡೆಗೊರಗಿ ನಿಂತಿದ್ದ. ಕಟ್ಟುಹಲ್ಲು ಮಾಡುವ ಕಸುಬಿನವನು, ಮಾತು ಕಡಿಮೆ. "ಆ ಆಮೆ ಹೋದ್ರೆ ಹೋಗಲಿ ಬಿಡಿ," ಎಂದ. "ಎರಡು ವರ್ಷದಿಂದ ಅದರ ಜೊತೇಲೇ ಸಂಸಾರ ಮಾಡ್ತಿದ್ದಾಳೆ."

ಅಲ್ಪವಿರಾಮ ತಮ್ಮನನ್ನು ಎರಡನೆಯ ಸ್ಥಾನಕ್ಕಿಳಿಸಿ ಗಂಡನನ್ನು ಮೇಲಕ್ಕೇರಿಸಿದ.

ಅಷ್ಟರಲ್ಲಿ ಬಾಗಿಲು ಸದ್ದಾಯಿತು. ಮೇಷ್ಟ್ರು ಬಂದರು. ಎಲ್ಲರೂ ಎದ್ದು ನಿಂತರು. ಯಾವ ಆಟಿಕೆಯನ್ನೂ ಕೈಯಲ್ಲಿ ಹಿಡಿಯದ ಅಲ್ಪವಿರಾಮನೂ ಎದ್ದ. ಆಟಿಕೆ ವಿನ್ಯಾಸ ಕಲಿಸುವ ಕಾಲೇಜಿನಲ್ಲಿ ಇಪ್ಪತ್ತು ವರ್ಷದಿಂದ ಇದ್ದವರು, ಇವಳಿಗೆ ಉಳಿ ಹಿಡಿಯಲು ಕಲಿಸಿದವರು, ಸಮಿತಿಯ ಸದಸ್ಯರೂ ಹೌದು.

"ಹೆದರಬೇಡಮ್ಮಾ," ಎಂದರು ಕುಳಿತುಕೊಳ್ಳುತ್ತ. "ನಾಳೆ ಸಮಿತೀಲಿ ನಾನಿರ್ತೀನಿ. ಏನಾದ್ರೂ ಒಂದು ದಾರಿ ಮಾಡೋಣ." ಮೇಜಿನ ಮೇಲೆ ಕಸೂತಿ ಬಟ್ಟೆ ಹೊದ್ದು ಕೂತಿದ್ದ ಪ್ರಿಂಟರಿನ ಬೆನ್ನು ತಟ್ಟಿದರು. "ನಾನು ಕೊಟ್ಟದ್ದು. ಇನ್ನೂ ಓಡ್ತಿದೆಯಾ?"

"ಓಡ್ತಿದೆ ಸರ್," ಎಂದಳು ಆಟಿಕೆಯವಳು, ನೆಲ ನೋಡುತ್ತ.

ಸುಳ್ಳು. ಅಲ್ಪವಿರಾಮನಿಗೆ ಸುಳ್ಳಿನ ವಾಸನೆ ಚೆನ್ನಾಗಿ ಗೊತ್ತಿತ್ತು. ಗಂಡನೂ ತಮ್ಮನೂ ಪಟ್ಟಿಯಿಂದ ಜಾರಿದರು. ಹುಡುಗಿ ತಾನೇ ನಕ್ಷೆ ಮಾರಿಕೊಂಡು ಈಗ ಕಳುವಾಯಿತು ಎನ್ನುತ್ತಿದ್ದಾಳೆ. ಅವನು ದೊಡ್ಡಮ್ಮನ ಕಿವಿಯಲ್ಲಿ ಹಾಗೆಂದು ಉಸುರಿದ.

"ನೀನು ಅರ್ಧ ಸರಿ," ಎಂದಳು ಅವಳು. "ಸುಳ್ಳು ಹೇಳಿದ್ದು ನಿಜ. ಎಲ್ಲರೂ ಕೂತ್ಕೊಳ್ಳಿ."

ಕೂತರು. ಕುರ್ಚಿ ಸಾಲದೆ ತಮ್ಮ ಮರದ ಪೆಟ್ಟಿಗೆಯ ಮೇಲೆ ಕೂತ.

"ಮೊದಲನೇ ಮಾತು," ದೊಡ್ಡಮ್ಮ ಚೀಟಿ ಬಿಡಿಸಿದಳು. "ನಕ್ಷೆ ಕದಿಯೋರು ಈ ಮನೆಯವರೇ ಆಗಿದ್ರೆ ಏನು ಮಾಡ್ತಿದ್ರು? ಬ್ರೌಸರ್ ತೆಗೆದು ಇಮೇಲಲ್ಲಿ ಕಳಿಸಿ ಎದ್ದು ಹೋಗ್ತಿದ್ರು. ಬ್ರೌಸರಿಗೆ ಎರಡು ವರ್ಷದಿಂದ ಅನುಮತಿ ಇದೆ, ಕಾವಲುಗಾರ ಕೇಳೋದೇ ಇಲ್ಲ. ಹೊಸ ಪ್ರೋಗ್ರಾಂ ತಂದು ಹಾಕೋ ಕಷ್ಟ ಅವರಿಗ್ಯಾಕೆ? ದಿನಾ ಬಂದು ಕೂರೋಕೆ ಆಗದವರಿಗೆ ಮಾತ್ರ ಒಳಗೊಬ್ಬ ಆಳು ಬೇಕು. ಅವರು ಹೋದ ಮೇಲೂ ಕೆಲಸ ಮಾಡೋ ಆಳು."

"ಹೊಸ ಪ್ರೋಗ್ರಾಂ ಯಾವುದೂ ಇಲ್ವಲ್ಲ," ಎಂದ ತಮ್ಮ.

"ಇದೆ. ಪ್ರಿಂಟರ್ ಅಂತ ವೇಷ ಹಾಕಿದೆ. ನೀನು ಹೊಸ ಮುಖ ಹುಡುಕಿದೆ, ಹಾಗಾಗಿ ಇದು ಕಾಣಲಿಲ್ಲ. ನೋಡು. ಮೊದಲನೇ ಪ್ರಿಂಟರ್ ಹೋಗಿರೋ ನಂಬರು ಮನೆಯೊಳಗಿಂದು. ಪಕ್ಕದ ಕೋಣೆಗೆ ಮಾತಾಡಿದ ಹಾಗೆ. ಎರಡನೇದು ಹೋಗಿರೋ ನಂಬರು ಊರ ಹೊರಗಿಂದು. ಮೇಜಿನ ಮೇಲೆ ಕೂತಿರೋ ಪ್ರಿಂಟರಿಗೆ ಟ್ರಂಕ್ ಕಾಲ್ ಮಾಡೋ ಅಂಥ ನೆಂಟರು ಯಾರಿದ್ದಾರೆ?"

ತಮ್ಮ ಪರದೆಗೆ ಬಾಗಿದ. ಅವನ ಕಿವಿ ಕೆಂಪಾಯಿತು.

"ಒಂಬತ್ತನೇ ತಾರೀಕು ಪೆಟ್ಟಿಗೆ ಎದ್ದಾಗ ಬಿಡು ಅಂತ ಒತ್ತಿದೋರು ಯಾರು?" ದೊಡ್ಡಮ್ಮ ಮಾವನ ಕಡೆ ತಿರುಗಲಿಲ್ಲ. ಕಿಟಕಿ ನೋಡುತ್ತ ಕಾದಳು.

"ನಾನು," ಎಂದರು ಮಾವ ಕೊನೆಗೆ. "ಚೆಸ್ ಆಡ್ತಿದ್ದೆ. ಪೆಟ್ಟಿಗೆ ಬಂದು ಸರಿಯಾಗಿ ನನ್ನ ಕುದುರೆ ಮೇಲೆ ಕೂತ್ಕೊಳ್ತು. ಪ್ರಿಂಟರ್ ಅಂತಿತ್ತು. ಪ್ರಿಂಟರ್ ತಾನೇ, ಪಾಪ, ಹೋಗಲಿ ಅಂದ್ಕೊಂಡೆ. ಮತ್ತೆ ಬರದ ಹಾಗೆ ಗುರುತೂ ಹಾಕಿದೆ. ಪತ್ರ ಬಂದಾಗಿಂದ ಊಟ ಸೇರ್ತಿಲ್ಲ ನಂಗೆ."

"ಹೇಳಬಾರದಿತ್ತಾ ಮಾವ?"

"ಏನಂತ ಹೇಳಲಮ್ಮಾ? ನಿನ್ನ ಎರಡು ವರ್ಷನ ಒಂದು ಕುದುರೆಗೋಸ್ಕರ ಕೊಟ್ಟೆ ಅಂತಲಾ?"

ಗಂಡ ಎದ್ದು ಬಂದು ತಂದೆಯ ಕುರ್ಚಿಯ ಹಿಂದೆ ನಿಂತ. ಅವನನ್ನು ತಾನು ಮೇಲಕ್ಕೇರಿಸಿದ್ದು ನೆನಪಾಗಿ ಅಲ್ಪವಿರಾಮನಿಗೆ ಮುಜುಗರವಾಯಿತು.

"ಹಾಗಾದ್ರೆ ಬಡಗಿ," ಎಂದರು ಮೇಷ್ಟ್ರು ಮೆಲ್ಲನೆ. "ಹಿಂದಿನ ದಿನ ಅವನೂ ಬಂದಿದ್ದ, ನಾನೇ ನೋಡಿದೆ. ಇಂಥವರನ್ನ ನಂಬೋಕಾಗಲ್ಲ."

"ಬಡಗಿ ಬಂದಿದ್ದ. ಅವನಿಗೆ ಪ್ರಿಂಟ್ ತಂದುಕೊಟ್ಟದ್ದು ಒಳಕೋಣೆಯಿಂದ." ದೊಡ್ಡಮ್ಮ ಬಗ್ಗಿ, ಮೇಜಿನ ಕೆಳಗಿಂದ ಆ ತಂತಿಯ ತುದಿಯನ್ನು ಎತ್ತಿ ಕಸೂತಿ ಬಟ್ಟೆಯ ಪಕ್ಕದಲ್ಲಿಟ್ಟಳು. "ಈ ಪ್ರಿಂಟರ್ ಯಾವುದಕ್ಕೂ ಸಿಕ್ಕಿಸಿಲ್ಲ. ತುದೀಲಿ ತಿಂಗಳುಗಟ್ಟಲೆ ದೂಳಿದೆ. ಯಾವಾಗ ಕೆಟ್ಟಿತಮ್ಮಾ ಇದು?"

ಆಟಿಕೆಯವಳು ಮೇಷ್ಟ್ರ ಕಡೆ ನೋಡಲಾರದೆ ಹೇಳಿದಳು: "ನಾಲ್ಕು ತಿಂಗಳಾಯ್ತು. ಹೊಸದು ಒಳಗಿದೆ. ಸರ್ ಕೊಟ್ಟದ್ದು, ಎತ್ತಿ ಬಿಸಾಡೋಕೆ ಮನಸ್ಸು ಬರಲಿಲ್ಲ. ಬಂದಾಗ ನೊಂದ್ಕೋತಾರೆ ಅಂತ ಇಲ್ಲೇ ಇಟ್ಟಿದ್ದೆ."

"ಹೊಸದು ತಂದ ದಿನ ಹಳೇದರ ಹೆಸರನ್ನ ಪಟ್ಟಿಯಿಂದ ನಾನೇ ತೆಗೆದಿದ್ದೆ," ಎಂದ ತಮ್ಮ.

"ಆದ್ರೂ ಒಂಬತ್ತನೇ ತಾರೀಕು ಹಳೇ ಪ್ರಿಂಟರ್ ಹೆಸರಲ್ಲೇ ಹೊರಗೆ ಫೋನು ಹೋಗಿದೆ. ಹೆಸರಿನ ಮುಂದಿರೋ ಮಾಡೆಲ್ ಸಂಖ್ಯೆ ಇದರದ್ದು, ಬಟ್ಟೆ ಎತ್ತಿ ಓದಿಕೊಳ್ಳಿ. ವೇಷಕ್ಕೆ ಹೆಸರು ಆರಿಸಿದೋರು, ಮನೆಯವರ ಕಣ್ಣಿಗೆ ಸಹಜವಾಗಿ ಕಾಣಲಿ ಅಂತ ಆರಿಸಿದ್ರು. ಇದು ಸತ್ತಿದೆ ಅಂತ ಗಂಡನಿಗೆ ಗೊತ್ತು, ತಮ್ಮನಿಗೆ ಗೊತ್ತು, ಮಾವನಿಗೆ ಗೊತ್ತು, ಒಳಗಿಂದ ಪ್ರಿಂಟ್ ತಗೊಂಡು ಹೋದ ಬಡಗಿಗೂ ಗೊತ್ತು. ಇದು ಇನ್ನೂ ಓಡುತ್ತೆ ಅಂತ ನಂಬಿರೋರು ಇಡೀ ಊರಲ್ಲಿ ಒಬ್ಬರೇ. ಹಿಂದಿನ ದಿನ ಪೆನ್ ಡ್ರೈವ್ ತಂದು, ಕಾಫಿ ಬರೋವರೆಗೆ ಈ ಕಂಪ್ಯೂಟರ್ ಮುಂದೆ ಕೂತಿದ್ದೋರೂ ಅವರೇ."

ಯಾರೂ ಮೇಷ್ಟ್ರ ಕಡೆ ನೋಡಲಿಲ್ಲ. ಗೌರವ ಅಭ್ಯಾಸವಾದ ಕಣ್ಣುಗಳಿಗೆ ಆ ಕಡೆ ತಿರುಗಲು ಹೊತ್ತು ಬೇಕಿತ್ತು. ಅಲ್ಪವಿರಾಮ ತನ್ನ ಪಟ್ಟಿಯನ್ನು ಮನಸ್ಸಿನಲ್ಲೇ ಓದಿಕೊಂಡ: ಎಲ್ಲರ ಹೆಸರೂ ಬಂದು ಹೋಗಿತ್ತು, ಇವರೊಬ್ಬರದು ಬರಲೇ ಇಲ್ಲ.

"ಊಹೆ," ಎಂದರು ಮೇಷ್ಟ್ರು.

"ಇರಬಹುದು. ತಮ್ಮಾ, ಮೇಷ್ಟ್ರು ಕಾಲೇಜಿನಿಂದ ಅಕ್ಕನಿಗೆ ಬರೆದ ಹಳೇ ಇಮೇಲ್ ಒಂದನ್ನ ತೆಗಿ. ಎಲ್ಲಿಂದ ಹೊರಟಿತು ಅನ್ನೋ ನಂಬರು ಅದರ ಒಳಗೆ ಎಲ್ಲೋ ಇರುತ್ತೆ ಅಂತ ನೀನೇ ಹೇಳಿದ್ದೆ."

ತಮ್ಮ ಹುಡುಕಿದ. ಅವನು ಚೀಟಿಯನ್ನು ಪರದೆಗೆ ಹಿಡಿದು ಒಂದೊಂದೇ ಅಂಕೆ ತಾಳೆ ನೋಡಿದ. ಮುಗಿದ ಮೇಲೆ ಇನ್ನೊಂದು ಸಲ ನೋಡಿದ.

"ಅದೇ ನಂಬರು," ಎಂದ.

ಮೇಷ್ಟ್ರು ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು. ಕನ್ನಡಕವಿಲ್ಲದೆ ಅವರು ಬೇರೆ ಯಾರೋ ಆಗಿ ಕಂಡರು.

"ಹತ್ತು ವರ್ಷ ಆಯ್ತು," ಎಂದರು ಕೊನೆಗೆ. "ಒಂದು ಆಟಿಕೆ ಹೊಳೆದಿಲ್ಲ ನನಗೆ. ತರಗತೀಲಿ ಹಳೇದನ್ನೇ ಹೇಳ್ತೀನಿ. ಅವತ್ತು ನೀನು ಆಮೆ ಇಳಿಸಿ ತೋರಿಸಿದೆಯಲ್ಲ, ಅಂಚಲ್ಲಿ ಅದು ನಿಂತಾಗ ನನ್ನ ಎದೇನೂ ನಿಂತ ಹಾಗಾಯ್ತು. ಕಂಪನಿಯವರು ಮುಂದಿನ ವರ್ಷ ಹೊರಗೆ ತರ್ತೀವಿ ಅಂದಿದ್ರು. ನಿನ್ನ ಪ್ರದರ್ಶನ ಮುಗಿದಿರುತ್ತೆ ಅಂದ್ಕೊಂಡೆ."

ಆಟಿಕೆಯವಳು ತಂತಿಯ ತುದಿಯ ದೂಳನ್ನು ಬೆರಳಿನಿಂದ ಒರೆಸಿದಳು.

"ಕೇಳಮ್ಮಾ," ಅವರು ಮುಂದೆ ಬಾಗಿದರು. ದನಿಗೆ ಪಾಠ ಹೇಳುವಾಗಿನ ಬಿಗಿ ಮರಳಿತು. "ನಾಳೆ ಸಮಿತಿ ಮುಂದೆ ನಾನೇ ಹೇಳ್ತೀನಿ. ನಾವಿಬ್ರೂ ಸೇರಿ ಮಾಡಿದ್ದು, ಕಂಪನಿಗೆ ನಿನ್ನ ಒಪ್ಪಿಗೇಲೇ ಕೊಟ್ಟಿದ್ದು ಅಂತ. ನಿನ್ನ ಮೇಲಿನ ದೂರು ಅಲ್ಲಿಗೇ ಮುಗೀತು. ಕ್ಯಾಟಲಾಗಿನಲ್ಲಿ ಎರಡು ಹೆಸರು ಹಾಕಿಸ್ತೀನಿ, ಮೊದಲು ನಿಂದೇ. ಈ ಚೀಟಿ, ಈ ನಂಬರು ಹಿಡಿದು ನೀನು ಅವರ ಮುಂದೆ ನಿಂತ್ರೆ ನಂಬ್ತಾರೋ ಇಲ್ವೋ ಯಾರಿಗೆ ಗೊತ್ತು? ನಾನು ಹೇಳಿದ್ರೆ ನಂಬ್ತಾರೆ."

ಅದು ನಿಜವೆಂದು ಅಲ್ಪವಿರಾಮನಿಗೆ ಅನಿಸಿತು. ಸಮಿತಿಯಲ್ಲಿರುವವರು ಇವರ ಶಿಷ್ಯರು, ಇಲ್ಲವೇ ಇವರ ಗೆಳೆಯರು. ತಮ್ಮ ಅಕ್ಕನ ಕಡೆ ನೋಡಿದ. ಒಪ್ಪಿಕೋ ಎನ್ನುವಂತೆ ಮಾವ ಕೈ ಅರ್ಧ ಎತ್ತಿದರು. ದೊಡ್ಡಮ್ಮ ಮಾತ್ರ ಇನ್ನು ಮುಂದಿನ ಮಾತು ತನ್ನದಲ್ಲವೆಂಬಂತೆ ಪೆನ್ಸಿಲನ್ನು ಚೀಲಕ್ಕೆ ಹಾಕಿಕೊಂಡಳು.

"ಏನಂತೀಯಮ್ಮಾ?" ಎಂದರು ಮೇಷ್ಟ್ರು. "ಒಪ್ಪಿಗೆ ತಾನೇ?"

ಆಟಿಕೆಯವಳು ಈಗ ಮೊದಲ ಸಲ ಅವರ ಮುಖವನ್ನು ನೇರವಾಗಿ ನೋಡಿದಳು.

"ಇಲ್ಲ ಸರ್," ಎಂದಳು. "ಅದನ್ನ ನಾನೊಬ್ಬಳೇ ಮಾಡಿದ್ದು."