ಕೆಂಪು ಕಾರ್ಪೆಟ್ಟಿನ ಸುಟ್ಟ ತೂತು

“ಅತ್ತೆ! ಬರ್ರಿ ಇಲ್ಲಿ! ಬೇಗ ಬರ್ರಿ!”

ರಶ್ಮಿತಾ ಕೂಗಿದ ರಭಸಕ್ಕೆ ಅಡಿಗೆಮನೆಯಲ್ಲಿ ಪಾತ್ರೆ ಮೂಟೆ ಕಟ್ಟುತ್ತಿದ್ದ ಮಂಜಮ್ಮನ ಕೈಯಿಂದ ಚೊಂಬು ಜಾರಿ ಠಣ್ ಅಂತು. ಓಡಿಬಂದು ನೋಡಿದರೆ ಸೊಸೆ ಹಾಲಿನ ಮೂಲೆಯಲ್ಲಿ ಕುಸಿದು ಕೂತಿದ್ದಾಳೆ. ಪಕ್ಕದಲ್ಲಿ ಎಳೆದಿಟ್ಟ ದೊಡ್ಡ ಟ್ರಂಕು. ಅದು ಇದ್ದ ಜಾಗದಲ್ಲಿ, ಕೆಂಪು ಕಾರ್ಪೆಟ್ಟಿನಲ್ಲಿ — ತೂತು! ಅಂಗೈಯಗಲದ ತೂತು. ಅಂಚೆಲ್ಲ ಕರ್ರಗೆ ಸುಟ್ಟಿತ್ತು.

ಅದೇನು ಸಾಮಾನ್ಯ ಕಾರ್ಪೆಟ್ಟೇ? ಬರಿಗಾಲಿಟ್ಟರೆ ನೆಲವೇ ಕಚ್ಚುವ ಚಳ್ಳಕೆರೆಯ ಬಿಸಿಲಲ್ಲಿ, ಜನ ನಗುತ್ತಿದ್ದರೂ ಕೇಳದೆ, ಎಣ್ಣೆ ಮಿಲ್ಲಿನ ಮುರುಗೇಂದ್ರಪ್ಪ ಹಟ ಹಿಡಿದು ಮಹಡಿಯ ಹಾಲಿಗೆ ಗೋಡೆಯಿಂದ ಗೋಡೆಗೆ ಹಾಸಿಸಿದ್ದು. ದಾವಣಗೆರೆ ಬೀಗರ ಮನೆಯಲ್ಲಿ ನೋಡಿ ಬಂದಿದ್ದನಂತೆ. ಆಮೇಲೆ ಮಂಡಿನೋವು ಬಂದು, ಮೆಟ್ಟಿಲು ಹತ್ತಲಾಗದೆ ಹೆಂಡತಿ ಗೀತಮ್ಮನ ಜೊತೆ ಕೆಳಮನೆಗೆ ಇಳಿದ. ಮಹಡಿಯನ್ನು ರೇಷ್ಮೆ ಇಲಾಖೆಯ ಗುಮಾಸ್ತ, ರಶ್ಮಿತಾಳ ಗಂಡ ಪ್ರದೀಪನಿಗೆ ಬಾಡಿಗೆಗೆ ಕೊಟ್ಟ. ಕೊಡುವಾಗ ಹೇಳಿದ್ದು ಒಂದೇ ಮಾತು: “ಮನೆ ಹೆಂಗಾದ್ರೂ ಇಟ್ಕೊಳ್ರಿ. ಕಾರ್ಪೆಟ್ಟು ಮಾತ್ರ ಹೆಂಗೈತೋ ಹಂಗೇ ವಾಪಸ್ ಬೇಕು.”

ಈಗ ಪ್ರದೀಪನಿಗೆ ಮೊಳಕಾಲ್ಮೂರಿಗೆ ವರ್ಗವಾಗಿತ್ತು. ಸಾಮಾನು ಹೇರಲು ಮಧ್ಯಾಹ್ನವೇ ಲಾರಿ ಬರುವುದಿತ್ತು.

ಆದರೆ ರಶ್ಮಿತಾಳ ಎದೆ ಹೊಡೆದುಕೊಳ್ಳುತ್ತಿದ್ದದ್ದು ಕಾರ್ಪೆಟ್ಟಿಗಲ್ಲ. ಮಗಳು ಹುಟ್ಟಿದಾಗ ಪ್ರದೀಪ ಆ ಎಳೆಗೂಸಿನ ತಲೆ ಮುಟ್ಟಿ ಆಣೆ ಮಾಡಿದ್ದ: ‘ಇನ್ಮೇಲೆ ಬೀಡಿ ಮುಟ್ಟಲ್ಲ.’ ಮಗುವಿನ ತಲೆ ಮೇಲಿನ ಆಣೆ! ಅದನ್ನೇ ಮುರಿದಿದ್ದಾನಾ? ಮುರಿದು, ಸುಟ್ಟು, ಮೇಲೆ ಟ್ರಂಕು ಸರಿಸಿದ್ದಾನಾ?

ಗಲಾಟೆ ಕೇಳಿ ಗೀತಮ್ಮ ಮೇಲೆ ಬಂದಳು. ತೂತು ಕಂಡದ್ದೇ ಗಲ್ಲಕ್ಕೆ ಕೈ.

“ಅಯ್ಯೋ ಶಿವನೇ! ಬೀಡಿ ಕಿಡೀನೇ ಬಿಡವ್ವ ಇದು. ಗಂಡಸ್ರ ಆಣೆ ಯಾರು ನಂಬ್ತಾರೆ?”

ಬೆನ್ನಿಗೇ ಪ್ರದೀಪ, ಕೈಯಲ್ಲಿ ಹಗ್ಗದ ಸುರುಳಿ ಹಿಡಿದು ಬಂದ. ರಶ್ಮಿತಾ ಎದ್ದು ನಿಂತಳು.

“ಏನ್ರೀ ಇದು?”

“ಏನು? ಅರೆ... ಸುಟ್ಟೈತಲ್ಲ!”

“ಸುಟ್ಟಿದ್ದು ಯಾರು?”

“ನನಗೇನು ಗೊತ್ತು? ನಾನಲ್ಲ.”

“ಉಗಾದಿಗೆ ಇಲ್ಲಿ ಗುಡಿಸಿದಾಗ ತೂತು ಇರಲಿಲ್ಲ. ಈಗ ಐತೆ. ಮನೇಲಿ ಬೀಡಿ ಸೇದೋರು ಬೇರೆ ಯಾರವ್ರೆ? ನಾನಾ? ಮಗಳಾ?”

“ರಶ್ಮೀ, ಆಣೆ ಮಾಡೀನಲ್ಲೇ...”

“ಆ ಮಾತು ಎತ್ತಬ್ಯಾಡ್ರಿ! ಲಾರಿ ಹತ್ತಿ ನೀವು ಹೋಗ್ರಿ ಮೊಳಕಾಲ್ಮೂರಿಗೆ. ನಾನು ಮಗು ಕರ್ಕೊಂಡು ನನ್ನಿವಾಳಕ್ಕೆ, ಅವ್ವನ ಮನೆಗೆ ಹೋಗ್ತೀನಿ.”

ಪ್ರದೀಪನ ಮುಖ ಬಿಳಿಚಿತು. ಗೋಡೆಯ ಕಡೆ ತಿರುಗಿ ನಿಂತ.

ಮಂಜಮ್ಮ ಮಾತ್ರ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಬಸ್‌ಸ್ಟ್ಯಾಂಡಿನ ಬಾಡಿಗೆ ಪುಸ್ತಕದಂಗಡಿಯ ಪತ್ತೇದಾರಿ ಕಾದಂಬರಿ ಒಂದನ್ನೂ ಬಿಡದೆ ಓದಿದ ಹೆಂಗಸು. ಮನೆಯಲ್ಲಿ ಸಕ್ಕರೆ ಕಮ್ಮಿಯಾದರೂ ಇರುವೆಯಿಂದ ಹಿಡಿದು ಎಲ್ಲರ ವಿಚಾರಣೆ ಮಾಡುವವಳು. ಇವತ್ತು ಕೇಸು ತಾನಾಗಿ ಕಾಲ ಬುಡಕ್ಕೆ ಬಂದಿದೆ. ಬಿಡ್ತಾಳಾ?

“ಯಾರೂ ಅಲುಗಬ್ಯಾಡ್ರಿ!” ಎಂದಳು. “ವಿಚಾರಣೆ ಆಗ್ಲಿ.”

“ಮಗನ್ನ ಬಿಡಿಸ್ಕೊಳ್ಳೋಕೆ ನಾಟಕ ಬ್ಯಾಡ ಅತ್ತೆ,” ರಶ್ಮಿತಾ ಸಿಡುಕಿದಳು.

“ಪತ್ತೇದಾರಳಿಗೆ ಮಗನೂ ಇಲ್ಲ, ಸೊಸೇನೂ ಇಲ್ಲ. ಅವನೇ ಸುಟ್ಟಿದ್ರೆ ನಿನ್ನ ಜೊತೆ ನಾನೂ ನನ್ನಿವಾಳದ ಬಸ್ಸು ಹತ್ತೀನಿ, ತಿಳೀತಾ? ಹೇಳು — ಟ್ರಂಕು ಈ ಮೂಲೇಲಿ ಯಾಕಿಟ್ಟೆ?”

“ಬಂದ ದಿನ ಗೀತಮ್ಮನೋರೇ ತೋರಿಸಿದ್ರು, ಇಲ್ಲೇ ಇಡು, ಲಕ್ಷಣವಾಗಿ ಕಾಣ್ತೈತೆ ಅಂತ.”

“ಉಗಾದಿಗೆ ಹೆಂಗೆ ಸರಿಸಿದ್ರಿ?”

“ನಾನೂ ಇವ್ರೂ ಸೇರಿ ಎತ್ತಿ ಇಟ್ವಿ.”

“ಇವತ್ತು?”

“ಒಬ್ಬಳೇ ಎಳೆದೆ.”

ಮಂಜಮ್ಮ ಮಂಡಿಯೂರಿ ತೂತಿಗೆ ಮೂಗು ತಾಗಿಸುವಷ್ಟು ಬಗ್ಗಿದಳು. ಉಗುರಿನಿಂದ ಏನನ್ನೋ ಕೆರೆದಳು. ಒಣಗಿದ ಹಳದಿ ಚಕ್ಕೆ!

“ಇದು ಗೋಂದು. ಸುಟ್ಟ ತೂತಿನೊಳಗೆ ಗೋಂದು ಯಾಕೈತೆ?”

ಮಂಜಮ್ಮ ಚಕ್ಕೆಯನ್ನು ಎತ್ತಿ ಎಲ್ಲರ ಮುಖದೆದುರು ಹಿಡಿದಳು.

“ಇರ್ಲಿ. ಮೊದಲು ಇದನ್ನ ಮುಚ್ಚೋಣ. ಮುರುಗೇಂದ್ರಪ್ಪನೋರು ಇಲ್ಲೇ ಬಿಟ್ಟಿರೋ ಬೀರು ಐತಲ್ಲ, ಅದರ ಕೆಳಗಿನ ಕಾರ್ಪೆಟ್ಟು ಯಾರ ಕಣ್ಣಿಗೂ ಬೀಳಲ್ಲ. ಅಲ್ಲಿಂದ ಒಂದು ತುಂಡು ಕತ್ತರಿಸಿ ಇಲ್ಲಿಗೆ ಅಂಟಿಸಿದ್ರೆ ಆಯ್ತು. ಪ್ರದೀಪ, ಹಿಡಿ!”

“ಬ್ಯಾಡ್ರಿ, ಬ್ಯಾಡ್ರಿ!” ಗೀತಮ್ಮ ಅಡ್ಡ ಬಂದಳು. “ಅಷ್ಟು ತೂಕದ್ದು ಯಾಕೆ ಸರಿಸ್ತೀರಿ? ಹೋದ್ರೆ ಹೋಯ್ತು, ನಾನೇ ಅವ್ರಿಗೆ ಹೆಂಗೋ ಹೇಳ್ತೀನಿ.”

ಆದರೆ ಪ್ರದೀಪ ಆಗಲೇ ಬೀರುವಿಗೆ ಭುಜ ಕೊಟ್ಟಿದ್ದ. ಉಕ್ಕಿನ ಬೀರು ಕಿರ್ರೋ ಅಂತ ಸರಿಯಿತು. ರಶ್ಮಿತಾ ಇಣುಕಿದವಳೇ ಚೀರಿದಳು.

ಬೀರುವಿನ ಕೆಳಗೆ ಕಾರ್ಪೆಟ್ಟಿನಲ್ಲಿ ಇನ್ನೊಂದು ತೂತು! ಸುಟ್ಟದ್ದಲ್ಲ. ಕತ್ತರಿಯಿಂದ ದುಂಡಗೆ ಕತ್ತರಿಸಿದ್ದು. ಒಳಗೆ ಬರೀ ಸಿಮೆಂಟು.

“ನಮಗಿಂತ ಮೊದಲೇ ಯಾರೋ ಇದೇ ಉಪಾಯ ಮಾಡವ್ರೆ!” ಮಂಜಮ್ಮ ಚಪ್ಪಾಳೆ ತಟ್ಟಿದಳು. ಓಡಿಹೋಗಿ ಟ್ರಂಕನ್ನು ಮಗುಚಿದಳು. ತಳದ ತುಕ್ಕು ಹಿಡಿದ ಅಂಚಿಗೆ ಸಿಕ್ಕಿಕೊಂಡು ನೇತಾಡುತ್ತಿತ್ತು — ಕೆಂಪು ಕಾರ್ಪೆಟ್ಟಿನ ದುಂಡನೆಯ ತುಂಡು! ತಂದು ಬೀರುವಿನ ಕೆಳಗಿನ ತೂತಿಗೆ ಇಟ್ಟರೆ ಸರಿಯಾಗಿ ಕೂತಿತು.

“ನೋಡು ರಶ್ಮೀ. ಉಗಾದಿಗೆ ತೂತು ಇತ್ತು, ಮೇಲೆ ತೇಪೆ ಇತ್ತು. ಎತ್ತಿ ಇಟ್ಟಿದ್ದಕ್ಕೆ ಅಂದು ಉಳೀತು. ಇವತ್ತು ನೀನು ಎಳೆದೆ, ತೇಪೆ ಕಿತ್ತು ಬಂತು. ಸುಟ್ಟಿದ್ದು ಹಳೇದು!”

ರಶ್ಮಿತಾಳ ಕಣ್ಣು ಒಂದು ಗಳಿಗೆ ಅರಳಿ ಮತ್ತೆ ಬಾಡಿತು.

“ಹಳೇದಾದ್ರೆ ಏನಾಯ್ತು ಅತ್ತೆ? ಇವರೇ ಸುಟ್ಟು, ನಾನು ತವರಿಗೆ ಹೋದಾಗ ಇವರೇ ತೇಪೆ ಹಾಕಿರಬಹುದಲ್ಲ? ಹಂಗಾದ್ರೆ ಇಷ್ಟು ದಿನ ಮುಚ್ಚಿಟ್ಟಂಗಾಯ್ತು. ಅದು ಇನ್ನೂ ಕೆಟ್ಟದ್ದು!”

ಮಂಜಮ್ಮ ತಬ್ಬಿಬ್ಬಾದಳು. ಹೌದಲ್ಲ! ಕೇಸು ಕೈ ತಪ್ಪುತ್ತಿದೆ. ಕೆಳಗೆ ಲಾರಿಯ ಹಾರನ್ನು ಬೇರೆ ಹೊಡೆದುಕೊಳ್ಳಲು ಶುರುವಾಯಿತು. ರಶ್ಮಿತಾ ಮಗುವನ್ನು ತೊಟ್ಟಿಲಿಂದ ಎತ್ತಿಕೊಂಡಳು. ಕಣ್ಣೀರು ಧಾರಾಕಾರ.

“ತಡಿ!” ಮಂಜಮ್ಮ ಮತ್ತೆ ಬೀರುವಿನ ಬಳಿ ಬಗ್ಗಿದಳು. “ತಡಿ, ತಡಿ! ಗೀತಮ್ಮನೋರೆ, ಗೋಡೆಗೆ ಈ ಗಿಳಿಹಸಿರು ಬಣ್ಣ ಯಾವಾಗ ಹೊಡ್ಸಿದ್ದು?”

“ನೀವು ಬಾಡಿಗೆಗೆ ಬರೋಕೆ ಮೊದಲು. ಆಮೇಲೆ ಎಲ್ಲಿ ಹೊಡ್ಸೀವಿ?”

“ಆಗ ಕಾರ್ಪೆಟ್ಟು?”

“ಇತ್ತು.”

“ಎಲ್ರೂ ಬಗ್ಗಿ ನೋಡ್ರಿ. ಕತ್ತರಿಸಿದ ತೂತಿನೊಳಗೆ, ಸಿಮೆಂಟಿನ ಮೇಲೆ.”

ರಶ್ಮಿತಾ ಮಗುವಿನ ಸಮೇತ ಬಗ್ಗಿದಳು. ಕಂಡಿತು! ಬೋಳು ಸಿಮೆಂಟಿನ ಮೇಲೆ ಗಿಳಿಹಸಿರು ಬಣ್ಣದ ಹನಿಗಳು. ಗೋಡೆಯಿಂದ ಸಿಡಿದು ಬಿದ್ದು ಒಣಗಿದ ಹನಿಗಳು.

“ಮೇಲೆ ಕಾರ್ಪೆಟ್ಟು ಇದ್ದಿದ್ರೆ ಹನಿ ಸಿಮೆಂಟಿಗೆ ಹೆಂಗೆ ಬೀಳ್ತಿತ್ತು?” ಮಂಜಮ್ಮ ಎದ್ದು ನಿಂತಳು. “ತುಂಡು ಕತ್ತರಿಸಿದ ಮೇಲೇ ಬಣ್ಣ ಬಿದ್ದಿರೋದು. ಬಣ್ಣ ಹೊಡೆದ ಮೇಲೇ ನಾವು ಬಂದಿರೋದು. ಅಂದಮೇಲೆ ಸುಟ್ಟಾಗ ನಾವ್ಯಾರೂ ಈ ಮನೇಲೇ ಇರಲಿಲ್ಲ! ಬೀರು ಸರಿಸಿದ್ದು ಬಣ್ಣದೋರು. ಅವ್ರು ಊಟಕ್ಕೆ ಹೋದಾಗ ಯಾರೋ ಕತ್ತರಿ ಆಡಿಸವ್ರೆ. ಮುರುಗೇಂದ್ರಪ್ಪನೋರಾ? ಮಂಡಿನೋವಿನೋರು ಮೆಟ್ಟಿಲೇ ಹತ್ತಲ್ಲ. ಬಣ್ಣದ ಕೆಲಸಕ್ಕೆ ಮೇಲೆ ನಿಂತಿದ್ದೋರು ಯಾರು? ತೇಪೆ ಮೇಲೆ ಟ್ರಂಕು ಇಡಿಸಿದ್ದೋರು ಯಾರು? ಬೀರು ಸರಿಸಬ್ಯಾಡ್ರಿ ಅಂತ ಈಗ ಅಡ್ಡ ಬಂದೋರು ಯಾರು? ಗೀತಮ್ಮನೋರೆ... ನೀವೇ!”

ಗೀತಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

“ಮೊಮ್ಮಗನಿಗೆ ಆರತಿ ಎತ್ತುವಾಗ ಕರ್ಪೂರ ಜಾರಿ ಬಿತ್ತು ಕಣವ್ವ,” ಎಂದಳು ಅಳುತ್ತ. “ಅವ್ರು ಕಾರ್ಪೆಟ್ಟಿನ ಮೇಲೆ ಕಾಫಿ ಲೋಟ ಇಟ್ಟಿದ್ದಕ್ಕೇ ವಾರಗಟ್ಟಲೆ ಮಾತು ಬಿಟ್ಟಿದ್ರು. ಸುಟ್ಟೈತೆ ಅಂದ್ರೆ ಬದುಕಿಸ್ತಿದ್ರಾ? ಬಣ್ಣದೋರು ಬರೋವರೆಗೂ ಮೇಲೆ ಟೀಪಾಯಿ ಇಟ್ಟು ಮುಚ್ಚಿದೆ. ಇವತ್ತು ಬಾಯಿಗೆ ಬಂದಂಗೆ ಬೀಡಿ ಅಂದುಬಿಟ್ಟೆ. ರಶ್ಮಿತಾ, ಸಂಸಾರ ಒಡೆಯೋ ಮಟ್ಟಕ್ಕೆ ಹೋಗ್ತೈತೆ ಅಂತ ನಾನು... ನನ್ನ ತಪ್ಪು ಹೊಟ್ಟೆಗೆ ಹಾಕ್ಕೊಳ್ರವ್ವ. ನಾನೇ ಈಗ್ಲೇ ಹೋಗಿ ಅವ್ರಿಗೆ ಹೇಳ್ತೀನಿ.”

ಅವಳು ದಡದಡ ಮೆಟ್ಟಿಲಿಳಿದಳು. ಮಂಜಮ್ಮನೂ ಹಿಂದೆಯೇ ಓಡಿದಳು. ಮುರುಗೇಂದ್ರಪ್ಪ ಏನಂತಾನೋ, ತಾನು ನಡುವೆ ಇರದಿದ್ದರೆ ಹೇಗೆ!

ಹಾಲಿನಲ್ಲಿ ಗಂಡ ಹೆಂಡತಿ ಇಬ್ಬರೇ ಉಳಿದರು. ಪ್ರದೀಪ ಹಗ್ಗದ ಸುರುಳಿ ಬಿಚ್ಚುತ್ತ ನಿಂತಿದ್ದ. ರಶ್ಮಿತಾಳಿಗೆ ನಗಬೇಕೆನಿಸಿತು, ಸಂತೋಷಕ್ಕೆ ಕುಣಿಯಬೇಕೆನಿಸಿತು. ಅವನ ಮುಖ ನೋಡಿದರೆ ಅದು ಸಾಧ್ಯವಾಗಲಿಲ್ಲ.

“ನಿಮ್ಮ ತಪ್ಪಿಲ್ಲ ಅಂತ ಗೊತ್ತಾಯ್ತಲ್ಲ. ಈಗಲಾದ್ರೂ ಮಾತಾಡ್ರಿ.”

“ಮಗಳ ತಲೆ ಮುಟ್ಟಿ ಹೇಳಿದ್ದು ನಂಬಲಿಲ್ಲ ನೀನು,” ಎಂದ ಪ್ರದೀಪ. “ಬಣ್ಣದ ಹನಿ ಹೇಳಿದ್ದು ನಂಬಿದೆ.”

ರಶ್ಮಿತಾಳ ಮುಖ ಉರಿಯಿತು. ಮಗುವನ್ನು ಅವನ ತೋಳಿಗೆ ಕೊಟ್ಟಳು, ಅವನ ಕೈಯಿಂದ ಹಗ್ಗ ತೆಗೆದುಕೊಂಡಳು, ಟ್ರಂಕಿಗೆ ಬಿಗಿಯಲು ಕೂತಳು.

“ಇನ್ಮೇಲೆ ಆಣೆಗೀಣೆ ಏನೂ ಬ್ಯಾಡ ಕಣ್ರೀ,” ಎಂದಳು ತಲೆ ಎತ್ತದೆ. “ಮೊಳಕಾಲ್ಮೂರಿನಲ್ಲಿ ಏನೇ ಆಗ್ಲಿ, ‘ನಾನಲ್ಲ’ ಅಂತ ಒಂದು ಮಾತು ಅನ್ರಿ. ಸಾಕು.”