ಸೊಸೆಗೆ ಕೊಟ್ಟ ಬೆಲ್ಲದ ಹಾಲು

“ಅಮ್ಮಾ, ಸಿಗ್ರಿಡ್‌ಗೆ ಏನು ಕುಡಿಸಿದೆ? ಬಾಯಿ ಬಿಡು!”

ರಘುನಂದನ್ ಹೀಗೆ ಗದರಿದ್ದನ್ನು ದುದ್ದದ ಆ ಮನೆ ಯಾವತ್ತೂ ಕೇಳಿರಲಿಲ್ಲ. ಮುದ್ದೆ ತೊಳಸುತ್ತಿದ್ದ ಚಲುವಮ್ಮನ ಕೈ ಹಾಗೇ ನಿಂತಿತು. ಜಗಲಿಯಲ್ಲಿ ಸೊಸೆ ಫೋನು ಹಿಡಿದು ಕುಳಿತಿದ್ದಳು. ಮಂಡ್ಯದ ಬಿಸಿಲಿಗೆ ಕೆಂಪಗಾಗಿದ್ದ ಮುಖ ಆ ಗಳಿಗೆಯಲ್ಲಿ ಸುಣ್ಣವಾಗಿತ್ತು!

ನಾರ್ವೆ ದೇಶದ ಹೆಣ್ಣು. ಕಾಲಿಗೆ ಉದ್ದುದ್ದ ಹಲಗೆ ಕಟ್ಟಿಕೊಂಡು ಹಿಮದ ಮೇಲೆ ಐವತ್ತು ಕಿಲೋಮೀಟರು ಓಡುವ ಸ್ಪರ್ಧೆ ಅವಳದು. ತಂಡದ ಫಿಸಿಯೋ ಆಗಿದ್ದ ರಘು ಅವಳ ಕೈಹಿಡಿದು ಮೂರು ವರ್ಷ. ಬರುವ ಫೆಬ್ರವರಿಯ ಒಲಿಂಪಿಕ್ಸೇ ಕೊನೆ, ಆಮೇಲೆ ಮಗು ಎಂದು ಇಬ್ಬರೂ ಮಾತಾಡಿಕೊಂಡಿದ್ದರು. ಅತ್ತೆಗೆ ಮಾತ್ರ ಹೇಳಿರಲಿಲ್ಲ. ಅಯ್ಯೋ, ಅದೊಂದು ಮಾತು ಹೇಳಿಬಿಟ್ಟಿದ್ದರೆ! ರಜಕ್ಕೆ ಬಂದವಳು ಅತ್ತೆಯಿಂದ ಒಂದಿಷ್ಟು ಕನ್ನಡ ಕಲಿಯುತ್ತಾ, ಗಾಲಿ ಹಲಗೆ ಕಟ್ಟಿಕೊಂಡು ನಾಲೆ ಏರಿಯ ಮೇಲೆ ದಿನವೂ ಅಭ್ಯಾಸ ಮಾಡುತ್ತಿದ್ದಳು. ಒಂದು ಬೆಳಿಗ್ಗೆ ಆರಕ್ಕೇ ಆಟಗಾರರ ಮದ್ದು ಪರೀಕ್ಷೆಯ ಇಬ್ಬರು ಅಧಿಕಾರಿಗಳು ಮದ್ದೂರಿನ ಕಡೆಯಿಂದ ಕಾರಿನಲ್ಲಿ ಬಂದು ಅವಳ ಉಚ್ಚೆ ಹಿಡಿದುಕೊಂಡು ಹೋದಾಗ, ಇದೆಂಥ ಉದ್ಯೋಗವಪ್ಪಾ ಎಂದು ಊರೇ ನಕ್ಕಿತ್ತು. ಅದರ ಫಲಿತಾಂಶ ಈಗ ಬಂದಿತ್ತು.

“ಬರೀ ಬೆಲ್ಲದ ಹಾಲು ಕಣ್ಲಾ...”

“ಸುಳ್ಳು! ನಿಷೇಧ ಮಾಡಿರೋ ಔಷಧಿ ಸಿಕ್ಕಿದೆ. ನಾಲ್ಕು ವರ್ಷ ಆಟದಿಂದ ಆಚೆ ಹಾಕ್ತಾರಮ್ಮ!”

ಚಲುವಮ್ಮ ಗೋಡೆಗೆ ಒರಗಿದಳು. “ಮಕ್ಕಳಾಗ್ಲಿ ಅಂತ ಹಲಗೂರ ತಾವ ಒಬ್ಬ ಪಂಡಿತನತ್ರ ಪುಡಿ ತಂದಿದ್ದೆ. ಬೇರು ನಾರು ಅಂದ. ಹಾಲ್ಗೆ ಬೆರಸಿ ಕೊಟ್ಟಾಗ ಇದ್ರಾಗೆ ಏನದೆ ಅಂತ ಇವ್ಳು ಕೇಳಿದ್ಲು, ಬೆಲ್ಲ ಅಂದ್ಬುಟ್ಟೆ...”

“ಮಿಕ್ಕಿದ್ದು ಕೊಡು! ಪರೀಕ್ಷೆ ಮಾಡಿಸೋಣ, ಅದೊಂದಿದ್ರೆ ಇವಳು ಉಳ್ಕೋತಾಳೆ.”

“ಮಿಕ್ಕಿದ್ ಮದ್ದು ಮನೇಲಿದ್ರೆ ಫಲ ಕೊಡಕಿಲ್ಲ ಅಂತಾರಲ್ಲಪ್ಪ... ನಾಲೇಗೆ ಬುಟ್ಬುಟ್ಟೆ.”

ರಘು ಮಧ್ಯಾಹ್ನವೇ ಹಲಗೂರಿಗೆ ಓಡಿದರೆ, ಆ ಪಂಡಿತ ಯಾವ ಪುಡಿ, ಯಾವ ಚಲುವಮ್ಮ ಎಂದು ಬಾಗಿಲು ಹಾಕಿಕೊಂಡ. ಕದ್ದು ಮಾತ್ರೆ ಅರೆದು ಬೆರೆಸುವವನಿಗೆ ಮಾನವೆಲ್ಲಿಂದ ಬರಬೇಕು!

ತಿಂಗಳಾದ ಮೇಲೆ ವಿಚಾರಣೆ ಫೋನಿನಲ್ಲೇ ನಡೆಯಿತು. ಸೆರಗು ಹೊದ್ದು ಕುಳಿತು ಚಲುವಮ್ಮ ಏನೂ ಮುಚ್ಚಿಡದೆ ಹೇಳಿದಳು. “ತಪ್ಪು ನಂದು ಸ್ವಾಮಿ. ಅವ್ಳು ಕೇಳಿದ್ಲು, ನಾನೇ ಸುಳ್ಳು ಅಂದೆ.” ಮಗ ಅದನ್ನು ಇಂಗ್ಲಿಷಿನಲ್ಲಿ ಹೇಳಿದ. ವಿಚಾರಣೆ ಮಾಡಿದ ದೊಡ್ಡವರು ಕನಿಕರಪಟ್ಟರು. ಆದರೆ ಮೈಯೊಳಕ್ಕೆ ಹೋದದ್ದಕ್ಕೆ ಆಟಗಾರ್ತಿಯೇ ಹೊಣೆ ಎಂದರು. ನಾಲ್ಕು ವರ್ಷ ಎರಡಾಯಿತು, ಅಷ್ಟೆ. ಸಿಗ್ರಿಡ್‌ಗೆ ಆಗಲೇ ಮೂವತ್ತನಾಲ್ಕು. ಒಲಿಂಪಿಕ್ಸು ಹೋಯಿತು, ಆಟವೂ ಮುಗಿಯಿತು.

ಅವಳು ಕೂಗಲಿಲ್ಲ, ಅಳಲಿಲ್ಲ. ಸುಮ್ಮನೆ ಕುಳಿತಿದ್ದಳು. ಅದನ್ನು ನೋಡಲಾರದೆ ಚಲುವಮ್ಮ ಅವಳ ಎರಡೂ ಕೈ ಹಿಡಿದು ಅಲುಗಿಸಿದಳು.

“ಬಯ್ಯಮ್ಮ! ಬಾಯಿಗೆ ಬಂದಂಗೆ ಬಯ್ಯಿ! ಇಂಗೆ ಕೂರ್ಬ್ಯಾಡ ಕಣವ್ವ...”

“ಅತ್ತೆ,” ಎಂದಳು ಸಿಗ್ರಿಡ್ ಮೆಲ್ಲಗೆ, “ನೀವು ನನಗೆ ಬಯ್ಯೋ ಕನ್ನಡ ಕಲಿಸಿಲ್ಲ.”

ಚಲುವಮ್ಮ ಕಣ್ಣೊರೆಸಿಕೊಂಡು ಸೊಸೆಯ ಎದುರು ನೆಲದ ಮೇಲೆ ಕುಳಿತಳು.

“ಕಲಿಸ್ತೀನಿ. ಮನೆಹಾಳಿ ಅನ್ನು. ನನ್ ಮಕ ನೋಡ್ಕಂಡು ಅನ್ನು!”

“ಮನೆ... ಹಾಲಿ.”

“ಹಾಲಿ ಅಲ್ಲ ಕಣಮ್ಮ. ಹಾಳಿ... ಹಾಳಿ!”

ಸಿಗ್ರಿಡ್ ಇನ್ನೊಂದು ಸಲ ಅಂದಳು. ಈ ಸಲ ಸರಿಯಾಗಿ ಬಂತು. ಬಂದದ್ದೇ ತಡ, ತಿಂಗಳಿಂದ ತಡೆದಿದ್ದ ಅಳು ಕಿತ್ತುಕೊಂಡು ಬಂತು, ಅವಳು ಅತ್ತೆಯ ಹೆಗಲ ಮೇಲೆ ಬಿದ್ದಳು. “ಅಂಗೇ ಕಣವ್ವ, ಅಂಗೇ...” ಎನ್ನುತ್ತಾ ಚಲುವಮ್ಮ ಅವಳ ಬೆನ್ನು ಸವರುತ್ತಿದ್ದಳು.