ಗುಡುಗಣ್ಣನ ಹಗಲು

"ಈ ಮನುಷ್ಯನನ್ನ ಬರೆದವರು ಯಾರು?"

ವಿಡಿಯೋ ಗೇಮ್ ಕಂಪನಿಯ ಕಥೆಗಾರ್ತಿ ತಲೆಯೆತ್ತಿದಳು. ಎದುರಿಗೆ ನಿಂತಿದ್ದವನು ಭೂತಗನ್ನಡಿ! ಕಂಪನಿಯ ಗೇಮುಗಳನ್ನು ಎಲ್ಲರಿಗಿಂತ ಮೊದಲು ಆಡಿ, ತಪ್ಪು ಹುಡುಕಿ ಬರೆದುಕೊಡುವುದು ಅವನ ಕೆಲಸ. ಮೊಸರಲ್ಲೂ ಕಲ್ಲು ಹುಡುಕುತ್ತಾನೆಂದು ಆಫೀಸಿನವರೇ ಇಟ್ಟ ಹೆಸರು ಅದು. ಐದು ತಿಂಗಳಿಂದ ಅವಳು ಕದ್ದು ಕದ್ದು ನೋಡುತ್ತಿದ್ದದ್ದೂ ಅವನನ್ನೇ.

"ನಾನೇ... ಯಾಕೆ?"

"ಹದಿನೇಳು ತಪ್ಪಿದೆ," ಎಂದು ಹಾಳೆಯನ್ನು ಮೇಜಿನ ಮೇಲಿಟ್ಟ.

ಗೇಮಿನ ನಾಯಕ ಗುಡುಗಣ್ಣ. ನೀಲಿ ಅಂಗಿ ತೊಟ್ಟರೆ ಸಾಕು, ಹಾರುತ್ತಾನೆ, ಕಟ್ಟಡ ಎತ್ತುತ್ತಾನೆ, ಊರು ಉಳಿಸುತ್ತಾನೆ. ಅದನ್ನೆಲ್ಲ ಬೇರೆಯವರು ನೋಡಿಕೊಳ್ಳುತ್ತಿದ್ದರು. ಅವಳ ಪಾಲಿಗೆ ಬಂದದ್ದು ಅವನ ಹಗಲು. ಹಗಲಲ್ಲಿ ಅವನೊಬ್ಬ ಚಪ್ಪಲಿ ಅಂಗಡಿಯ ನೌಕರ, ಗುಡುಗಣ್ಣ ಇವನೇ ಎಂದು ಯಾರಿಗೂ ತಿಳಿಯದು. ಚಪ್ಪಲಿ ಮಾರುವುದನ್ನು ಯಾರು ಕೂತು ಆಡುತ್ತಾರೆ ಎಂದು ಮ್ಯಾನೇಜರ್ ಮೊದಲ ದಿನವೇ ಮೂಗು ಮುರಿದು, ಹಿಡಿಸದಿದ್ದರೆ ತೆಗೆದುಬಿಡೋಣ ಎಂದಿದ್ದರು.

ಸಾದಾ ಮನುಷ್ಯನೊಬ್ಬ ಇಷ್ಟವಾಗಬೇಕಾದರೆ ಹೇಗಿರಬೇಕು? ಯೋಚಿಸಿ ತಲೆ ಕೆಟ್ಟು ಅವಳು ಕತ್ತು ಹೊರಳಿಸಿದಾಗ ಎದುರಿನ ಕೋಣೆಯಲ್ಲಿ ಕಂಡವನು ಭೂತಗನ್ನಡಿ. ಊಟದ ಡಬ್ಬಿ ತೆರೆಯುವ ಮುಂಚೆ ಮುಚ್ಚಳ ಮೂಸಿ, ಒಳಗೇನಿದೆ ಎಂದು ತನ್ನೊಂದಿಗೇ ಪಂದ್ಯ ಕಟ್ಟುತ್ತಿದ್ದ. ಡ್ರಾಯರಿಗೆ ಬೀಗ ಹಾಕಿ ಮೂರು ಸಲ ಎಳೆದು ನೋಡುತ್ತಿದ್ದ. ಲಿಫ್ಟಿನಿಂದ ಇಳಿಯುವಾಗ ಒಳಗೆ ಯಾರೂ ಇಲ್ಲದಿದ್ದರೂ "ಬರ್ತೀನಿ" ಎನ್ನುತ್ತಿದ್ದ. ನೋಡುತ್ತ ನೋಡುತ್ತ ಅವಳು ಬರೆದಳು, ಬರೆಯುತ್ತ ಬರೆಯುತ್ತ ಮನಸ್ಸನ್ನೂ ಕೊಟ್ಟಳು.

ಈಗ ಅವನ ಹಾಳೆ ಹೇಳುತ್ತಿತ್ತು: 'ತಪ್ಪು ನಾಲ್ಕು: ಖಾಲಿ ಲಿಫ್ಟಿಗೆ ಯಾರೂ ಬರ್ತೀನಿ ಅನ್ನುವುದಿಲ್ಲ. ತಪ್ಪು ಒಂಬತ್ತು: ಬೀಗವನ್ನು ಮೂರು ಸಲ ಎಳೆಯುವುದು ಅತಿಯಾಯಿತು.'

"ಇಂಥವರು ಎಲ್ಲೂ ಇರಲ್ಲ ರೀ," ಎಂದು ತಿಳಿಹೇಳಿ, ತನ್ನ ಕೋಣೆಗೆ ಹೋಗಿ, ಡ್ರಾಯರಿಗೆ ಬೀಗ ಹಾಕಿ ಮೂರು ಸಲ ಎಳೆದ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಕಥೆ ನಮಗೆಲ್ಲ ಗೊತ್ತು. ಕಾಯಿ ಹೆಗಲ ಮೇಲೇ ಕೂತಿದ್ದರೂ ಮುಟ್ಟಿಕೊಳ್ಳದವನು ಇವನೊಬ್ಬನೇ ಇರಬೇಕು.

ಆಮೇಲೆ ದಿನಾ ಹಾಳೆ, ದಿನಾ ಜಗಳ. ಹದಿನೈದು ದಿನದಲ್ಲಿ ಅವನು ನಿಂತು ಜಗಳವಾಡುವುದನ್ನು ಬಿಟ್ಟು ಕುರ್ಚಿ ಎಳೆದುಕೊಂಡು ಕೂತು ಜಗಳವಾಡತೊಡಗಿದ. ಅವನಿಗೆ ಅರ್ಥವೇ ಆಗದಿದ್ದವಳು ಗೇಮಿನ ಪಕ್ಕದ ಮನೆಯವಳು. ನಾಯಕ ಮೆಟ್ಟಿಲ ಮೇಲೆ ಮರೆತ ಕೊಡೆಯನ್ನು ಎತ್ತಿಕೊಂಡು ಬಂದು, ಬಾಗಿಲ ಮುಂದೆ ಎಂಟು ನಿಮಿಷ ನಿಂತು, ಬೆಲ್ ಒತ್ತದೆ ವಾಪಸ್ ಹೋಗುತ್ತಿದ್ದಳು.

"ಧೈರ್ಯ ಸಾಲದು ಅವಳಿಗೆ," ಎಂದಳು ಕಥೆಗಾರ್ತಿ.

"ಗುಡುಗಣ್ಣ ಅಂದ್ರೆ ಹೆದರಿಕೆನಾ?"

"ಅವನು ಗುಡುಗಣ್ಣ ಅಂತ ಅವಳಿಗೆ ಗೊತ್ತೇ ಇಲ್ಲ. ಅವಳಿಗೆ ಇಷ್ಟವಾಗಿರೋದು ಚಪ್ಪಲಿ ಅಂಗಡಿಯವನು."

ಅವನು ಅವಳನ್ನೇ ನೋಡಿದ. ಅವಳು ಕೀಬೋರ್ಡಿನ ಧೂಳು ಒರೆಸತೊಡಗಿದಳು. *ಅರ್ಥವಾಗಿಬಿಟ್ಟಿತಾ? ದೇವರೇ, ಆಗದಿರಲಿ... ಆಗಲಿ...*

ಎಡವಟ್ಟಾದದ್ದು ಆಫೀಸಿನವರಿಗೆಲ್ಲ ಗೇಮ್ ತೋರಿಸಿದ ದಿನ. ದೊಡ್ಡ ಪರದೆಯ ಮೇಲೆ ನಾಯಕ ಮುಚ್ಚಳ ಮೂಸಿದ, ಲಿಫ್ಟಿಗೆ ಬರ್ತೀನಿ ಎಂದ. ಹಿಂದಿನಿಂದ ಯಾರೋ, "ಲೋ, ಇದು ನಮ್ಮ ಭೂತಗನ್ನಡಿ!" ಎಂದದ್ದೇ ತಡ, ಇಡೀ ಕೋಣೆ ಬಿದ್ದು ಬಿದ್ದು ನಕ್ಕಿತು. ಮ್ಯಾನೇಜರ್ ಕಣ್ಣೊರೆಸಿಕೊಂಡು, ಹಗಲಿನ ಭಾಗ ಗ್ಯಾರಂಟಿ ಇರುತ್ತೆ ಎಂದರು.

ಅವನ ಮುಖ ಬಿಳಿಚಿಕೊಂಡಿತು.

"ಇಷ್ಟು ದಿನ ನನ್ನ ನೋಡಿ ನಗ್ತಾ ಇದ್ರಾ?"

"ಅಯ್ಯೋ, ಹಾಗಲ್ಲ..." ಅವಳ ಮಾತು ಮುಗಿಯುವಷ್ಟರಲ್ಲಿ ಅವನು ಬಾಗಿಲು ದಾಟಿದ್ದ.

ಮರುದಿನದ ಹಾಳೆಯಲ್ಲಿ ಇದ್ದದ್ದು ಎರಡೇ ಪದ: 'ತಪ್ಪುಗಳು ಇಲ್ಲ.' ಡಬ್ಬಿಯನ್ನು ಮೂಸದೆ ತೆರೆದ. ಲಿಫ್ಟಿನಿಂದ ಮಾತಿಲ್ಲದೆ ಇಳಿದ. ಸಂಜೆ ಮನೆಗೆ ಹೋಗಿ ಅವಳು ಅಕ್ಕನ ಮುಂದೆ ಎಲ್ಲ ಹೇಳಿಕೊಂಡಳು.

"ನಿನ್ನೊಳಗೇ ಇಟ್ಕೊಂಡ್ರೆ ಅವನಿಗೇನು ಕನಸು ಬೀಳುತ್ತಾ? ಹೋಗಿ ಹೇಳು," ಎಂದು ಅಕ್ಕ ಬೈದಳು. ಹೇಳುವ ಧೈರ್ಯ ಇದ್ದಿದ್ದರೆ ಪಕ್ಕದ ಮನೆಯವಳು ಎಂದೋ ಬೆಲ್ ಒತ್ತಿರುತ್ತಿದ್ದಳು.

ತನ್ನಿಂದಾಗುವುದನ್ನು ಅವಳು ಮಾಡಿದಳು. ಮೂಸುವುದು, ಎಳೆಯುವುದು, ಬರ್ತೀನಿ ಎನ್ನುವುದು, ಎಲ್ಲವನ್ನೂ ಗೇಮಿನಿಂದ ಅಳಿಸಿದಳು. ಅದಿಲ್ಲದಿದ್ದರೆ ಹಗಲಿನ ಭಾಗವೇ ಹೋಗುತ್ತೆ, ನಿನ್ನ ಆರು ತಿಂಗಳ ಕೆಲಸ, ಎಂದು ಮ್ಯಾನೇಜರ್ ಎಚ್ಚರಿಸಿದರು. ಹೋಗಲಿ ಸರ್, ಅವರನ್ನು ನೋಡಿ ಯಾರೂ ನಗಬಾರದು ಎಂದಳು.

ಮರುದಿನ ಮಧ್ಯಾಹ್ನ ಮೇಜಿನ ಮೇಲೊಂದು ಹಾಳೆ ಇತ್ತು.

'ತಪ್ಪು ಒಂದು: ನಾಯಕ ಕಾಣೆಯಾಗಿದ್ದಾನೆ. ಮೊದಲಿದ್ದ ಹಾಗೇ ಇರಬೇಕು.

ತಪ್ಪು ಎರಡು: ಪಕ್ಕದ ಮನೆಯವಳು ಇನ್ನೂ ಬೆಲ್ ಒತ್ತಿಲ್ಲ. ಒಳಗಿರುವವನು ಎಷ್ಟು ದಿನ ಕಾಯಬೇಕು?'

ಅವಳು ಎರಡು ಸಲ ಓದಿದಳು. ಕಣ್ಣು ಮಂಜಾಗಿ ಮೂರನೇ ಸಲ ಓದಲಾಗಲಿಲ್ಲ. ಎದ್ದು ಹೋಗಿ ಅವನ ಕೋಣೆಯ ಮುಂದೆ ನಿಂತಳು. ಬಾಗಿಲು ತೆರೆದೇ ಇತ್ತು, ಕಾಲು ಮಾತ್ರ ಮುಂದೆ ಹೋಗಲೊಲ್ಲದು.

"ಏಳು ನಿಮಿಷ ಆಯ್ತು," ಎಂದಿತು ಒಳಗಿನ ದನಿ.

ಬೆಲ್ಲಿಗಾಗಿ ಹುಡುಕಿದಳು. ಆಫೀಸಿನ ಕೋಣೆಗೆ ಬೆಲ್ ಎಲ್ಲಿಂದ ಬರಬೇಕು?

"ಟ್ರಿಂಗ್," ಎಂದಳು ಕಣ್ಣು ಮುಚ್ಚಿ.

"ಯಾರು?"

"ಪಕ್ಕದ ಮನೆಯವಳು."

"ಯಾರು ಬೇಕಿತ್ತು?"

"ಚಪ್ಪಲಿ ಅಂಗಡಿಯವರು."

ಅವನು ಎದ್ದು ಬಂದ. ಅವಳು ಯಾಕೆ ಅಳಿಸಿದಳೆಂದು ಮ್ಯಾನೇಜರ್ ಎಲ್ಲ ಹೇಳಿದ್ದರಂತೆ.

"ನನಗೆ ಹಾರೋಕೆ ಬರಲ್ಲ," ಎಂದ. "ಬೀಗದ ಮೇಲೂ ನಂಬಿಕೆ ಇಲ್ಲ."

"ಗೊತ್ತು. ಎಲ್ಲ ಬರೆದಿಟ್ಟಿದ್ದೀನಿ. ನಗೋಕಲ್ಲ... ನೀವು ಇಷ್ಟ ಅಂತ."

ಸಂಜೆ ಇಬ್ಬರೂ ಒಟ್ಟಿಗೆ ಲಿಫ್ಟಿನಲ್ಲಿ ಇಳಿದರು. ಕೆಳಗೆ ಬಾಗಿಲು ತೆರೆಯಿತು. ಅವನ ತುಟಿ ಅಲುಗಿತು, ನಾಚಿಕೆಯಾಗಿ ಬಾಯಿ ಮುಚ್ಚಿಕೊಂಡ.

ಅವಳು ಅವನ ಕೈ ಹಿಡಿದುಕೊಂಡು ಖಾಲಿ ಲಿಫ್ಟಿನ ಕಡೆ ತಿರುಗಿದಳು.

"ಬರ್ತೀವಿ," ಎಂದಳು.